ಕಾರ್ವರ್ ಗ್ರೋವ್‌ನ ಫಲಕದಲ್ಲಿ ಇಲ್ಲದ ನಾಲ್ಕು ನಿಮಿಷ

ಮಾನ್ಯ ಕಾರ್ಯದರ್ಶಿಗಳೇ,

ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಸ್ಮಾರಕ ಫಲಕ ಸಮಿತಿಯು ನಮ್ಮ ಮುಖ್ಯ ಬೀದಿಯಲ್ಲಿ ಅನಾವರಣ ಮಾಡಲಿರುವ ಕಂಚಿನ ಫಲಕದಲ್ಲಿ ಒಂದು ಸುಳ್ಳಿದೆ. ಅದನ್ನು ತಿದ್ದಿ ಎಂದು ಮೂರು ಬಾರಿ ಬರೆದೆ. ಮೂರು ಬಾರಿಯೂ ನೀವು ಬಹಳ ಸೌಜನ್ಯದಿಂದ ನಿರಾಕರಿಸಿದಿರಿ. ಆದ್ದರಿಂದ ಈ ನಾಲ್ಕನೆಯ ಪತ್ರವನ್ನು ನಿಮ್ಮ ಕಡತಕ್ಕೆ ಕಳಿಸದೆ ನಮ್ಮ ವಾರಪತ್ರಿಕೆಗೆ ಕೊಡುತ್ತಿದ್ದೇನೆ. ಅಲ್ಲಾದರೂ ಯಾರಾದರೂ ಓದುತ್ತಾರೆ.

ಫಲಕದ ಮಾತುಗಳು ಹೀಗಿವೆ: "1957ರ ಮಾರ್ಚ್‌ನಲ್ಲಿ ಓಜೊಲ ಕುಟುಂಬದ ಮನೆಗೆ ಬೆಂಕಿ ಬಿದ್ದಾಗ, ಇಲ್ಲಿದ್ದ ದೂರವಾಣಿ ಕೇಂದ್ರದ ಆಪರೇಟರ್ ಅರ್ಡಿಸ್ ಕ್ವಾಮೆ ಒಂದು ಕ್ಷಣವೂ ತಡಮಾಡದೆ ಊರಿಗೆಲ್ಲ ಎಚ್ಚರಿಕೆಯ ಗಂಟೆ ಬಾರಿಸಿದರು. ನಲವತ್ತು ಮಂದಿ ಓಡಿಬಂದರು. ಹತ್ತೊಂಬತ್ತು ದಿನಗಳಲ್ಲಿ ಊರವರೇ ಹೊಸ ಮನೆ ಕಟ್ಟಿಕೊಟ್ಟರು." ನಲವತ್ತು ಮಂದಿ ಬಂದದ್ದು ನಿಜ. ಹತ್ತೊಂಬತ್ತು ದಿನವೂ ನಿಜ. ಸುಳ್ಳಿರುವುದು ನಡುವಿನ ಮೂರು ಪದಗಳಲ್ಲಿ. ಆ ಅರ್ಡಿಸ್ ಕ್ವಾಮೆ ನಾನೇ. ನಾನು ತಡಮಾಡಿದೆ.

ನಿಮ್ಮ ಕೊನೆಯ ಉತ್ತರ ನನ್ನ ಮುಂದಿದೆ. ಫಲಕದ ಒಕ್ಕಣೆಗೆ ಮುದ್ರಿತ ಆಧಾರವಿದೆ, ಊರಿನ ಶತಮಾನೋತ್ಸವದ ಪುಸ್ತಕ, ಪುಟ ನಲವತ್ತೊಂದು. ಮುದ್ರಿತ ಆಧಾರಕ್ಕೆ ವಿರುದ್ಧವಾದ ವೈಯಕ್ತಿಕ ನೆನಪುಗಳನ್ನು ಇಬ್ಬರು ಸ್ವತಂತ್ರ ಸಾಕ್ಷಿಗಳಿಲ್ಲದೆ ಪರಿಗಣಿಸಲಾಗದು, ಎಂದಿದ್ದೀರಿ. ಒಳ್ಳೆಯ ನಿಯಮ. ಆದರೆ ನಲವತ್ತೊಂದನೆಯ ಪುಟವನ್ನು ಬರೆದವಳೂ ನಾನೇ ಅಲ್ಲವೇ? 1982ರಲ್ಲಿ ನಾನು ಸುಳ್ಳು ಬರೆದಾಗ ನಿಮಗೆ ನನ್ನೊಬ್ಬಳ ಮಾತು ಸಾಕಾಯಿತು. ಈಗ ನಿಜ ಹೇಳಲು ಹೊರಟರೆ ಇನ್ನಿಬ್ಬರನ್ನು ಕರೆದುಕೊಂಡು ಬಾ ಎನ್ನುತ್ತೀರಿ. ಕರೆಗಳ ಹೊತ್ತು ಬರೆದಿಡುತ್ತಿದ್ದ ಪುಸ್ತಕವು, ಡಯಲ್ ಫೋನು ಬಂದ ವರ್ಷ ಕಸಕ್ಕೆ ಹೋಯಿತು. ಸಾಕ್ಷಿಗಳು ಬೇಕಾದಷ್ಟು ಮಂದಿ ಇದ್ದರು. ಹೆಚ್ಚಿನವರು ಲೂಥರನ್ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮಲಗಿದ್ದಾರೆ.

ನಡೆದದ್ದನ್ನು ಹೇಳುತ್ತೇನೆ. ಆಗ ನನಗೆ ಹತ್ತೊಂಬತ್ತು. ಬ್ಯಾಂಕಿನ ಪಕ್ಕದ ಒಂದು ಕೋಣೆಯಲ್ಲಿ ಕೂತು ಊರಿನ ಫೋನುಗಳನ್ನೆಲ್ಲ ಕೈಯಿಂದ ಜೋಡಿಸುವುದು ನನ್ನ ಕೆಲಸ. ಒಂದೊಂದು ಲೈನಿನಲ್ಲಿ ಹತ್ತು ಹನ್ನೆರಡು ಮನೆಗಳು. ಯಾರ ಮನೆಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಗಂಟೆ ಕೇಳುತ್ತಿತ್ತು, ಯಾರು ಮಾತಾಡಿದರೂ ಉಳಿದವರು ಕದ್ದು ಕೇಳುತ್ತಿದ್ದರು. ಬಿಡದೆ ಬಾರಿಸುವ ಒಂದೇ ಉದ್ದ ಗಂಟೆ ಮಾತ್ರ ಇಡೀ ಊರಿಗೆ: ಬೆಂಕಿ, ಸುಂಟರಗಾಳಿ, ಕಾಣೆಯಾದ ಮಗು. ಅದನ್ನು ಬಾರಿಸಬೇಕಾದವಳು ನಾನು.

ಬೆಂಕಿ ಬಿದ್ದ ಶನಿವಾರ ಮಧ್ಯಾಹ್ನ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಮೂವತ್ತು ಮೈಲಿ ದೂರದಲ್ಲಿ ಫೈನಲ್ ಆಡುತ್ತಿತ್ತು. ಹಿಮ ಕರಗಿ ರಸ್ತೆಯೆಲ್ಲ ಕೆಸರು, ಊರವರು ನೋಡಲು ಹೊರಡುವಂತಿರಲಿಲ್ಲ. ರೇಡಿಯೋದಲ್ಲಿ ನಮ್ಮಂಥ ಊರಿನ ಆಟ ಬರುತ್ತಿರಲಿಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ತಂಡದ ಜೊತೆ ಹೋದ ನಮ್ಮ ಕ್ಷೌರಿಕ ಅಲ್ಲಿನ ಶಾಲೆಯ ಫೋನು ಹಿಡಿದು ಬಾಗಿಲಲ್ಲಿ ನಿಂತು ಆಟವನ್ನು ಹೇಳುತ್ತಿದ್ದ, ನಾನು ಆ ಕರೆಯನ್ನು ಊರಿನ ಎಲ್ಲ ಲೈನುಗಳಿಗೂ ಜೋಡಿಸುತ್ತಿದ್ದೆ. ಕಂಪನಿಯ ನಿಯಮಕ್ಕೆ ವಿರುದ್ಧ. ಆದರೆ ಅರವತ್ತು ಅಡುಗೆಮನೆಗಳು ಒಟ್ಟಿಗೆ ಕೂಗುವುದನ್ನು ಕಿವಿಯಲ್ಲಿ ಕೇಳಿದವರು ನಿಯಮದ ಮಾತಾಡಲಾರರು. ಅಷ್ಟು ಸುಖವಾಗಿ ಈ ಊರು ಒಂದಾಗಿ ಇದ್ದದ್ದನ್ನು ನಾನು ಮತ್ತೆ ಕಂಡಿಲ್ಲ.

ಮೂರೂ ಮೂವತ್ತೆಂಟಕ್ಕೆ ಆ ಗದ್ದಲದ ನಡುವೆ ಒಂದು ಹೆಂಗಸಿನ ದನಿ ಬಂತು.

"ಬೆಂಕಿ. ನಮ್ಮ ಮನೆ. ಬೆಂಕಿ, ದಯವಿಟ್ಟು."

"ಶ್! ಯಾರ್ರೀ ಅದು ಲೈನಲ್ಲಿ?"

"ಆ ಲಾಟ್ವಿಯಾದವಳು ಕಣೋ. ಹೋದ ವಾರಾನೂ ಹೀಗೇ ಹೊಗೆ ಹೊಗೆ ಅಂತ ಕೂಗಾಡಿದ್ಳು, ಒಲೆ ಕೊಳವೆ ಕಟ್ಕೊಂಡಿತ್ತು ಅಷ್ಟೇ."

"ತಾಯಿ, ಮೂರೇ ನಿಮಿಷ ಇದೆ. ಆಟ ಮುಗೀಲಿ, ಆಮೇಲೆ ಹೇಳ್ವಿಯಂತೆ."

ಇದನ್ನೆಲ್ಲ ಹೇಳಿದವರು ಯಾರೆಂದು ನನಗೆ ಗೊತ್ತು. ಈ ಊರಿನಲ್ಲಿ ನನಗೆ ಗುರುತಿಲ್ಲದ ದನಿಯೇ ಇರಲಿಲ್ಲ. ಹೆಸರು ಹೇಳುವುದಿಲ್ಲ. ಅವರ ಮಕ್ಕಳು ಈ ಪತ್ರಿಕೆ ಓದುತ್ತಾರೆ. ಒಂದು ದನಿಯ ಹೆಸರನ್ನು ಮಾತ್ರ ಹೇಳುತ್ತೇನೆ. "ವೆಲ್ತಾ, ಒಂದ್ನಿಮಿಷ ಇರಿ" ಎಂದದ್ದು ನಾನು.

ಹೋದ ವಾರ ಕೊಳವೆ ಕಟ್ಟಿಕೊಂಡಿದ್ದು ನಿಜ. ಎಷ್ಟೋ ವರ್ಷ ನಾನು ಅದನ್ನೇ ಕಾರಣವಾಗಿ ಇಟ್ಟುಕೊಂಡಿದ್ದೆ. ಕಾರಣ ಅದಲ್ಲ. ಉದ್ದ ಗಂಟೆ ಬಾರಿಸಬೇಕಾದರೆ ಎಲ್ಲ ತಂತಿಗಳನ್ನೂ ಕೀಳಬೇಕಿತ್ತು. ಕಿತ್ತರೆ ಆಟದ ಕರೆ ಹೋಗುತ್ತಿತ್ತು, ಮತ್ತೆ ಸಿಗಲು ಕಾಲು ಗಂಟೆಯಾದರೂ ಬೇಕು. ಒಂದು ಅಂಕ ಹಿಂದಿದ್ದೆವು. ಕ್ಷೌರಿಕ ಕೂಗುತ್ತಿದ್ದ: "ಜನೀನ್ ಕೈಗೆ ಬಂತು… ಅಯ್ಯಯ್ಯೋ, ಕೆಡವಿಬಿಟ್ರಲ್ಲೋ ಹುಡುಗೀನ! ಫ್ರೀ ಥ್ರೋ, ಎರಡು ಫ್ರೀ ಥ್ರೋ! ಯಾರೂ ಉಸಿರಾಡ್ಬೇಡಿ!" ಜನೀನ್ ನನ್ನ ತಂಗಿ. ನಾನು ಉಸಿರಾಡಲಿಲ್ಲ. ಇಡೀ ಊರು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ವೆಲ್ತಾ ಓಜೊಲ ಇನ್ನೊಮ್ಮೆ, ಈ ಬಾರಿ ಮೆಲ್ಲಗೆ, "ದಯವಿಟ್ಟು" ಎಂದರು. ಅರವತ್ತು ಮನೆಗಳಿಗೂ ಕೇಳಿಸಿತು.

ಜನೀನ್ ಎಸೆದ ಎರಡೂ ಗುರಿ ತಪ್ಪಿದವು. ಆಮೇಲೆ ನಾನು ತಂತಿಗಳನ್ನು ಕಿತ್ತು ಗಂಟೆ ಬಾರಿಸಿದೆ. ಮೂರೂ ನಲವತ್ತೆರಡು.

ಗಂಡಸರು ಓಡಿದ ಓಟವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಕೆಸರಿನಲ್ಲಿ ಹೂತ ಅಗ್ನಿಶಾಮಕ ಗಾಡಿಯನ್ನು ಭುಜ ಕೊಟ್ಟು ಎತ್ತಿದರು. ವೆಲ್ತಾ ಅಂಗಳದಲ್ಲಿದ್ದರು, ಕೈಯೆರಡೂ ಸುಟ್ಟಿದ್ದವು. ಏಳು ವರ್ಷದ ಮಗಳು ಇಲ್ಜೆ ಅವರ ಲಂಗಕ್ಕೆ ಅಂಟಿಕೊಂಡಿದ್ದಳು. ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ವೆಲ್ತಾರ ಅತ್ತೆ ಎಮಿಲಿಯಾ ಹೊರಗೆ ಬರಲಿಲ್ಲ. ನಾಲ್ಕು ನಿಮಿಷ ಮುಂಚೆ ಹೋಗಿದ್ದರೆ ಉಳಿಯುತ್ತಿದ್ದರೇ? ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಒಮ್ಮೆ ಕೇಳಿದೆ. "ನಾಲ್ಕು ನಿಮಿಷದಲ್ಲಿ ಏನೂ ಆಗ್ತಿರ್ಲಿಲ್ಲ ಅರ್ಡಿಸ್, ತಲೆ ಕೆಡಿಸ್ಕೋಬೇಡ" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರೂ ಲೈನಿನಲ್ಲಿದ್ದರು.

ಹತ್ತೊಂಬತ್ತು ದಿನದಲ್ಲಿ ಮನೆ ಎದ್ದಿತು. ಅಂಥ ಮರ, ಅಂಥ ಕಿಟಕಿಗಳು ನಮ್ಮ ಎಷ್ಟೋ ಮನೆಗಳಿಗಿರಲಿಲ್ಲ. ಹೆಂಗಸರು ಹೊಲಿದ ರಜಾಯಿಗಳನ್ನು ಇಡಲು ಅಲ್ಲಿ ಜಾಗವಿರಲಿಲ್ಲ. ಫಲಕದಲ್ಲಿ ನೀವು ಇದನ್ನು ಔದಾರ್ಯ ಎಂದು ಓದುತ್ತೀರಿ. ನಾನು ಆ ಹತ್ತೊಂಬತ್ತು ದಿನವೂ ಅಲ್ಲಿ ಕಾಫಿ ಹಂಚಿದೆ. ಅಷ್ಟೊಂದು ಜನ ಅಷ್ಟು ಕಡಿಮೆ ಮಾತಾಡಿ ಕೆಲಸ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮನೆ ಮುಗಿದ ಮರುದಿನ ವೆಲ್ತಾ ನನ್ನ ಕೋಣೆಗೆ ಬಂದರು. ಕೈಗೆ ಇನ್ನೂ ಪಟ್ಟಿ. ಕಂಕುಳಲ್ಲಿ ಒಂದು ಕಪ್ಪು ರೈ ಬ್ರೆಡ್ಡು.

"ನೀವು ಗಂಟೆ ಹೊಡೆದ್ರಿ. ಎಲ್ಲಾ ಬಂದ್ರು. ಥ್ಯಾಂಕ್ಸ್."

ನಾನು ಬ್ರೆಡ್ಡನ್ನು ತೆಗೆದುಕೊಂಡೆ. ಅವರು ಬಾಗಿಲವರೆಗೆ ಹೋಗಿ ತಿರುಗಿದರು.

"ಆಟ… ಗೆದ್ರಾ?"

"ಇಲ್ಲ," ಎಂದೆ. "ಸೋತ್ವಿ."

"ಅಯ್ಯೋ ಪಾಪ," ಎಂದರು. ಚುಚ್ಚಿ ಹೇಳಿದ್ದಾಗಿದ್ದರೆ ನಾನು ಅದನ್ನು ಎಂದೋ ಮರೆಯುತ್ತಿದ್ದೆ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಮರುವರ್ಷ ಆ ಕುಟುಂಬ ಹೊಸ ಮನೆಯನ್ನು ಮಾರಿ ಮಿಲ್ವಾಕಿ ನಗರಕ್ಕೆ ಹೋಯಿತು. ನಾವೆಲ್ಲ ಬಹಳ ಆಶ್ಚರ್ಯಪಟ್ಟೆವು, ಅಥವಾ ಹಾಗೆ ಹೇಳಿಕೊಂಡೆವು.

ಶತಮಾನೋತ್ಸವದ ಪುಸ್ತಕಕ್ಕೆ ನಾನು ಮೊದಲು ಬರೆದದ್ದು "ಆಪರೇಟರ್ ಗಂಟೆ ಬಾರಿಸಿದರು" ಎಂದಷ್ಟೇ. ಪುಸ್ತಕದ ಸಮಿತಿಯಲ್ಲಿದ್ದ ಲಾವೊನ್ ಓದಿ, "ಏನೇ ಇದು, ಒಣಗಿದ ರೊಟ್ಟಿ ಥರ ಇದೆ. ಸ್ವಲ್ಪ ಬೆಣ್ಣೆ ಸವರು ಮಾರಾಯ್ತಿ" ಎಂದಳು. ಬೆಣ್ಣೆ ಸವರಿದ ಕೈ ನನ್ನದು. ಮುನ್ನೂರು ಪ್ರತಿಗಳು ಹೋದವು. ಅಂದು ಲೈನಿನಲ್ಲಿದ್ದವರೆಲ್ಲ ಓದಿದರು. ಇದು ಸರಿಯಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಕೆಲವರು ಚರ್ಚಿನ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು, "ಚೆನ್ನಾಗಿ ಬರ್ದಿದ್ದೀಯಮ್ಮ" ಎಂದರು. ಆ ಮೂರು ಪದಗಳು ನನ್ನೊಬ್ಬಳನ್ನಲ್ಲ, ಎಲ್ಲರನ್ನೂ ತಪ್ಪಿನಿಂದ ಬಿಡಿಸಿದ್ದವು. ಕೇಳಿಸಿಕೊಂಡೂ ಸುಮ್ಮನಿದ್ದ ಊರು ನಾವಾಗಿರಲಿಲ್ಲ, ಕೂಡಲೇ ಓಡಿದ ಊರಾಗಿದ್ದೆವು. ನಿಮ್ಮ ಸಮಿತಿ ಮಾಡಿದ್ದಿಷ್ಟೇ: ನಾವು ಕಾಗದದಲ್ಲಿ ಹೇಳಿಕೊಂಡದ್ದನ್ನು ಕಂಚಿಗೆ ಇಳಿಸಿದಿರಿ.

ಈಗ ಯಾಕೆ, ಎಂದು ಲಾವೊನ್ ಕೇಳುತ್ತಾಳೆ. "ಸತ್ತವರ ಮೇಲೆ ಕೆಸರು ಎರಚ್ತೀಯಲ್ಲೇ, ನಿನಗೇನು ಬಂದಿದೆ?" ಬಂದಿರುವುದು ಒಂದು ಕಾರ್ಡು. ಶನಿವಾರದ ಸಮಾರಂಭಕ್ಕೆ ನೀವು ಇಲ್ಜೆಯನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೀರಿ. ಅವಳಿಗೀಗ ಎಪ್ಪತ್ತನಾಲ್ಕು. ಫಲಕದ ಪಕ್ಕದಲ್ಲಿ ನನ್ನ ಕೈ ಹಿಡಿದು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಆ ಕಾರ್ಡಿನಲ್ಲಿ ಬರೆದಿದ್ದಾಳೆ. ತಾಯಿ ಅವಳಿಗೆ ಆ ನಾಲ್ಕು ನಿಮಿಷದ ಮಾತನ್ನು ಹೇಳಿಯೇ ಇರಲಿಲ್ಲ. ಊರು ಮುಚ್ಚಿಟ್ಟದ್ದನ್ನು ಅವರೂ ನಮಗಾಗಿ ಮುಚ್ಚಿಟ್ಟಿದ್ದರು. ಹೇಳಿ ಸ್ವಾಮಿ, ಆ ಫೋಟೋದಲ್ಲಿ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಈ ಪತ್ರ ಅಚ್ಚಾಗುವ ಮೊದಲೇ ಅವಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಅಜ್ಜಿ ಹೆಸರು ಇದೆಯಾ ಆ ಫಲಕದಲ್ಲಿ?"

ಇಲ್ಲ ಎಂದೆ. ನಿಮ್ಮ ಫಲಕದಲ್ಲೂ ಇಲ್ಲ, ನನ್ನ ಪುಸ್ತಕದಲ್ಲೂ ಇಲ್ಲ. ಒಬ್ಬರು ಸತ್ತರು ಎಂಬ ಮಾತೇ ಇಲ್ಲ. ಇದನ್ನು ನಾನು ಅವಳು ಕೇಳುವವರೆಗೆ ಗಮನಿಸಿಯೇ ಇರಲಿಲ್ಲ. ನನ್ನ ತಪ್ಪನ್ನು ಇಷ್ಟು ವರ್ಷ ಎಣಿಸಿದವಳು ನಾನು, ಅದರಲ್ಲೂ ನನ್ನನ್ನಷ್ಟೇ ಎಣಿಸಿಕೊಂಡಿದ್ದೆ, ಸತ್ತವರನ್ನಲ್ಲ.

ಆದ್ದರಿಂದ ಹಿಂದಿನ ಮೂರು ಪತ್ರಗಳ ಬೇಡಿಕೆಯನ್ನು ಬದಲಾಯಿಸುತ್ತಿದ್ದೇನೆ. ಆ ಮೂರು ಪದಗಳನ್ನು ತೆಗೆಯಿರಿ. ನಾಲ್ಕು ನಿಮಿಷ ತಡವಾಯಿತೆಂದು, ಊರೆಲ್ಲ ಕೇಳಿಸಿಕೊಂಡಿತ್ತೆಂದು ಬರೆಯಿರಿ. ಫಲಕಕ್ಕೆ ನೀವು ಹಾಕಿಕೊಂಡಿರುವ ತೊಂಬತ್ತು ಪದಗಳ ಮಿತಿ ಅಡ್ಡ ಬಂದರೆ ನನ್ನ ಹೆಸರನ್ನು ಕಿತ್ತುಹಾಕಿ ಎಮಿಲಿಯಾ ಓಜೊಲ ಎಂದು ಕೂರಿಸಿ. ಅಷ್ಟಾಗುವವರೆಗೆ ಫಲಕದ ಮೇಲಿನ ಬಟ್ಟೆ ಸರಿಸಬೇಡಿ.

ಸಮಾರಂಭ ನಿಂತರೂ ನಿಲ್ಲಬಹುದು ಎಂದು ಇಲ್ಜೆಗೆ ಹೇಳಿದೆ. "ನಾನು ಬರ್ತೀನಿ," ಎಂದಳು. "ಏನು ಬರೆದಿದ್ದಾರೆ ಅಂತ ನಾನೇ ಓದ್ಬೇಕು." ಫೋಟೋದ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇಂತಿ,
ನಿಮ್ಮ ಮುದ್ರಿತ ಆಧಾರ,
ಅರ್ಡಿಸ್ ಕ್ವಾಮೆ
ಕಾರ್ವರ್ ಗ್ರೋವ್