ಮುರಿಯದೆ ಬಗ್ಗಿದ ಬಾಲ

ಬಸವನಗುಡಿ
20-9-2025, ಶನಿವಾರ

ಮುದ್ದು ಮಧುರಾ,

ಅಮ್ಮನ ಆಶೀರ್ವಾದ. ಕೋಪ ಆಮೇಲೆ ಮಾಡಿಕೊಳ್ಳುವೆಯಂತೆ, ಮೊದಲು ಓದು. ನಾಳೆಯ ಪ್ರದರ್ಶನಕ್ಕೆ ನೀನು ಮಾಡಿಟ್ಟಿದ್ದ ಇಕ್ತಿಯೋಸಾರ್, ಅದೇ ಆ ಪುರಾತನ ಕಡಲ ಪ್ರಾಣಿಯ ಮೂಳೆಗೂಡಿನ ಮಾದರಿ ಸಿದ್ಧವಾಗಿದೆ. ಅಂದರೆ, ನಡುವೆ ಒಂದು ಅನಾಹುತವಾಗಿ, ಈಗ ಸರಿಹೋಗಿದೆ.

ಬೆಳಿಗ್ಗೆ ದಸರಾ ಗೊಂಬೆಗಳ ಜೊತೆ ಅದನ್ನೂ ಅಟ್ಟದಿಂದ ಇಳಿಸಿದೆ. ನೋಡಿದರೆ ಬಾಲದ ಮೂಳೆ ಸೊಟ್ಟಗೆ ಕೆಳಕ್ಕೆ ಜೋತುಬಿದ್ದಿದೆ! ಮುಕ್ಕಾದ ಗೊಂಬೆ ಮನೆಯಲ್ಲಿಡಬಾರದೆಂದು ನಾನು ಎಷ್ಟು ಪಟ್ಟದ ಗೊಂಬೆಗಳಿಗೆ ಮೂಗು ಕೂರಿಸಿಲ್ಲ? ಪುಟ್ಟಿ ಕಲಸಿ, ಬಾಲವನ್ನು ನೆಟ್ಟಗೆ ಮಾಡಿ, ಬೀಗುತ್ತಾ ಕೂತೆ.

ಮಧ್ಯಾಹ್ನ ಅದನ್ನು ಒಯ್ಯಲು ಬಂದ ನಿನ್ನ ಗೆಳತಿ ಶಶಿ ಬಾಗಿಲಲ್ಲೇ ಕಿರುಚಿದಳು. "ಅಯ್ಯೋ ಆಂಟಿ, ಏನ್ ಮಾಡ್ಬಿಟ್ರಿ! ಅದ್ರ ಬಾಲ ಇರೋದೇ ಹಾಗೆ!"

ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತಾ ಕೂತವಳ ಕಾಫಿ ಆರಿಹೋಯಿತು ಕಣೇ. ಶಾರ್ಕಿನ ಬೆನ್ನುಮೂಳೆ ಬಾಲದ ಎರಡು ಕವಲುಗಳಲ್ಲಿ ಮೇಲಿನ ಪಾಲಿಗೆ ಹತ್ತುತ್ತದೆ, ಇದರದ್ದು ಕೆಳಗಿನ ಪಾಲಿಗೆ ಇಳಿಯುತ್ತದೆ. ಮೇಲಿನ ಪಾಲಿನಲ್ಲಿ ಮೂಳೆಯೇ ಇಲ್ಲವಂತೆ! ಹಿಂದೆ ದೊಡ್ಡ ವಿದ್ವಾಂಸರೂ ನೆಟ್ಟನೆಯ ಬಾಲವನ್ನೇ ಬರೆದಿದ್ದರಂತೆ. ನಾನೊಬ್ಬಳೇ ದಡ್ಡಿಯಲ್ಲ, ತಿಳಿಯಿತೇ?

ಕೂಡಲೇ ನಮ್ಮ ದಶಾವತಾರದ ಮತ್ಸ್ಯನನ್ನು ತಿರುಗಿಸಿ ನೋಡಿದೆ. ಬಾಲ ಕವಲೊಡೆದಿದೆ, ಎರಡೂ ಪಾಲು ಸರಿಸಮ. ಶಶಿ ಹೇಳಿದ ಲೆಕ್ಕದಲ್ಲಿ ಅದು ವೇಗದ ಮೀನು! ಎದುರುಮನೆ ಜಾನಕಮ್ಮನ ಗಾಜಿನ ಮೀನುತೊಟ್ಟಿಗೂ ಓಡಿದೆ. ಅಲ್ಲಿದ್ದದ್ದರ ಬಾಲ ಬೀಸಣಿಗೆಯ ಹಾಗೆ ದುಂಡಗೆ, ಅಲ್ಲಲ್ಲೇ ಸುತ್ತುವ ಜಾತಿ. ಮೀನೆಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಜಾನಕಮ್ಮ ಕರೆದರೂ ಕದಲದೆ ನಿಂತಿದ್ದೆ. ಎಷ್ಟು ಖುಷಿಯಾಯಿತು ಗೊತ್ತೇ! ಬ್ಯಾಂಕ್ ಪರೀಕ್ಷೆ ಬಿಟ್ಟು ನೀನು ಇದರ ಹಿಂದೆ ಹೋದದ್ದೇಕೆಂದು ಸ್ವಲ್ಪ, ಸ್ವಲ್ಪವೇ, ಅರ್ಥವಾಯಿತು.

ಪುಟ್ಟಿ ಕೆತ್ತಿ ತೆಗೆದು, ಶಶಿಯ ಮೊಬೈಲಿನ ಚಿತ್ರ ನೋಡಿಕೊಂಡು, ಹೊಸ ಪುಟ್ಟಿ ಹಾಕಿ ಬಾಲವನ್ನು ಮತ್ತೆ ಬಗ್ಗಿಸಿದ್ದೇನೆ. ಜನಕ್ಕೆ ತಿಳಿಯಲೆಂದು ಮೇಲಿನ ಪಾಲನ್ನು ರವಿಕೆಗಿಡುವ ಗಟ್ಟಿಬಟ್ಟೆ ಬಕ್ರಂನಲ್ಲಿ ಕತ್ತರಿಸಿ ಅಂಟಿಸಿದೆ. ಬೇಡವಾದರೆ ಕಿತ್ತುಹಾಕು, ನಾನೇನೂ ಅಂದುಕೊಳ್ಳುವುದಿಲ್ಲ.

ಜಗಳವಾಡಿ ನೀನು ಮತ್ತಿಕೆರೆಯಲ್ಲಿ ರೂಮು ಮಾಡಿದ ದಿನ, ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಿದ್ದೆ. ಆ ವಿಷಯ ಈಗ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನನ್ನೇ ನೆನೆಯುವ,
ಅಮ್ಮ

ಮರೆತ ಮಾತು: ಹಸಿ ಪುಟ್ಟಿಯ ಬಾಲವನ್ನು ಶಶಿಯ ಸ್ಕೂಟರಿಗೆ ಒಪ್ಪಿಸಲು ಮನಸ್ಸಾಗಲಿಲ್ಲ. ಈ ಕಾಗದ ಮಾತ್ರ ಅವಳ ಕೈಲಿ ಮೇಲಕ್ಕೆ ಕಳಿಸುತ್ತಿದ್ದೇನೆ. ನಿನ್ನ ಮೀನು, ಮೀನಲ್ಲ ಸರೀಸೃಪ, ನನ್ನ ತೊಡೆಯ ಮೇಲಿದೆ. ನಾನು ನಿನ್ನ ರೂಮಿನ ಕೆಳಗೆ ಆಟೋದಲ್ಲಿದ್ದೇನೆ. ಇಳಿದು ಬಾರೇ.