ಪುಟ್ಟಿ ಇನ್ನೂ ನೋಡುತ್ತಿದ್ದಳು

ಮಾರ್ಚ್ 3, ಮಂಗಳವಾರ. ಬೆಳಗ್ಗೆ 7.10
ಪುಟ್ಟಿ ಹೊತ್ತಿಗೆ ಸರಿಯಾಗಿ ಬಂದಳು. ನಮ್ಮ ಆಂಟೆನಾದ ಮೇಲೆ ಹನ್ನೊಂದು ನಿಮಿಷ. ಬ್ಯಾಟರಿ ಸರಿ, ಕ್ಯಾಮೆರಾ ಸರಿ. ನೋಡಿದ್ದನ್ನೆಲ್ಲ ಇಳಿಸಿಕೊಟ್ಟು ಹೋದಳು. ಎರಡು ವರ್ಷ ಬದುಕಿದರೆ ಸಾಕೆಂದು ಕಟ್ಟಿದ ಪುಟ್ಟ ಬಾಹ್ಯಾಕಾಶ ದೂರದರ್ಶಕ—ಒಂಬತ್ತು ವರ್ಷವಾಯಿತು. ಕಂಟ್ರೋಲ್ ರೂಮಿನ ಎ.ಸಿ. ಮಾತ್ರ ಮತ್ತೆ ಕೆಟ್ಟಿದೆ. ರಿಪೇರಿ ಬೇಕಾಗುವುದು ನೆಲದ ಮೇಲಿರುವವರಿಗೇ.

ಮಧ್ಯಾಹ್ನ ನಮ್ಮ ತಂಡದ ಮುಖ್ಯಸ್ಥೆ ಮೇಡಂ ಕಮಿಟಿಯ ಮುಂದೆ ಹೋಗುತ್ತಾರೆ. ಇನ್ನು ಮೂರು ವರ್ಷ ನಡೆಸಲು ಹಣ ಕೇಳಬೇಕು. ಪುಟ್ಟಿ ಅವರ ಕನಸು. ಮೂವತ್ತರಲ್ಲಿ ಪ್ರಸ್ತಾವ ಬರೆದರು, ಹಾರಿಸುವಾಗ ನಲವತ್ತೊಂಬತ್ತು.

ಸಂಜೆ
ಕಮಿಟಿ ಅಧ್ಯಕ್ಷರು ಕೇಳಿದರಂತೆ: "ಇಷ್ಟು ವರ್ಷ ನೋಡಿದ್ದಾಯ್ತಲ್ಲ ಮೇಡಂ, ಇನ್ನೇನು ಸಿಗುತ್ತೆ?"
"ಗೊತ್ತಿಲ್ಲ ಸಾರ್. ಗೊತ್ತಿದ್ದಿದ್ರೆ ನೋಡೋ ಅಗತ್ಯವೇ ಇರ್ತಿರ್ಲಿಲ್ಲ."
ಎಲ್ಲರೂ ನಕ್ಕರಂತೆ. ನಕ್ಕರೆಂದರೆ ಒಳ್ಳೆಯದೇ ಅಲ್ಲವೇ...

ಮಾರ್ಚ್ 20, ಶುಕ್ರವಾರ
ಹಣ ಇಲ್ಲವಂತೆ. ಎರಡು ಸಾಲಿನ ಇ-ಮೇಲ್. ಏಪ್ರಿಲ್ 30ಕ್ಕೆ ಪುಟ್ಟಿಯನ್ನು ಆರಿಸಿಬಿಡಬೇಕು.

ಸಂಸ್ಥೆ ಕಟ್ಟುತ್ತಿರುವ ದೊಡ್ಡ ದೂರದರ್ಶಕದ ಖರ್ಚು ಮೇರೆ ಮೀರಿದೆ, ಅದಿನ್ನೂ ಹಾರಿಲ್ಲ. ನಮ್ಮ ಇಡೀ ವರ್ಷದ್ದು ಅದರ ಮೂರು ದಿನಕ್ಕೂ ಸಾಲದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದೊಡ್ಡದು ಬೇಡವೆಂದಲ್ಲ. ಅದೂ ಬೇಕು. ಆದರೆ ಅದು ವರ್ಷದ ಮುಂಚೆಯೇ ಗೊತ್ತುಮಾಡಿದ ಕಡೆ ನೋಡುವಂಥದ್ದು. ಎಲ್ಲೋ ಏನೋ ಹೊತ್ತಿಕೊಂಡಿತೆಂದರೆ ತಕ್ಷಣ ಅತ್ತ ತಿರುಗುವವಳು ಪುಟ್ಟಿ ಒಬ್ಬಳೇ.

ಮೇಡಂ ಟೇಬಲ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮಾರ್ಚ್ 22, ಭಾನುವಾರ
ಅಪ್ಪನಿಗೆ ಹೇಳಿದೆ. ಹೇಳದೆ ಮುಚ್ಚಿಡಲು ಅವರೇನು ಹೊರಗಿನವರೇ? ನಮ್ಮ ಸಂಸ್ಥೆಯ ವರ್ಕ್‌ಶಾಪಿನಲ್ಲೇ ಮೂವತ್ತನಾಲ್ಕು ವರ್ಷ ಲೇತ್ ಹಿಡಿದವರು. ಪುಟ್ಟಿಯ ಕನ್ನಡಿಯ ಮುಂದಿನ ಮುಚ್ಚಳ, ಅದರ ಕೀಲು—ಎರಡೂ ಅವರ ಕೈಯವು. ಈಗ ಆ ಕೈ ನಡುಗುತ್ತದೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ.

"ಕೆಟ್ಟೋಯ್ತೇನಮ್ಮಾ?"
"ಇಲ್ಲಪ್ಪ. ಏನೂ ಆಗಿಲ್ಲ ಅವಳಿಗೆ."
"ಮತ್ಯಾಕೆ ಆರಿಸ್ತಾರೆ?"
ವಿವರಿಸಿದೆ. ಅರ್ಥವಾಯಿತು. ಒಪ್ಪಲಿಲ್ಲ. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಏಪ್ರಿಲ್ 28, ಮಂಗಳವಾರ. ಬೆಳಗ್ಗೆ 11
ಹತ್ತಿರದ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದಿದೆ! ಇಷ್ಟು ಹತ್ತಿರ—ನನ್ನ ಇಡೀ ಸರ್ವಿಸ್‌ನಲ್ಲಿ ಇದೇ ಮೊದಲು. ಸಿಡಿದ ಮೊದಲ ದಿನಗಳ ಬೆಳಕು ಬಹುಪಾಲು ನೇರಳಾತೀತ. ಗಾಳಿಯನ್ನು ದಾಟಿ ನೆಲಕ್ಕೆ ಇಳಿಯುವುದಿಲ್ಲ. ಮೇಲಿನಿಂದಲೇ ನೋಡಬೇಕು. ಮೇಲಿರುವವಳು ಪುಟ್ಟಿ. ಸುದ್ದಿ ಬಂದ ಒಂದೂವರೆ ಗಂಟೆಯೊಳಗೆ ತಿರುಗಿಸಿದೆವು.

ಮೇಡಂ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು. "ನೋಡೇ! ಸಿಕ್ತು ಕಣೇ ಅವಳಿಗೆ!" ಇಷ್ಟು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಕರೆದದ್ದು ಇವತ್ತೇ.

ಏಪ್ರಿಲ್ 29, ಬುಧವಾರ
ಮೇಡಂ ಡೈರೆಕ್ಟರಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದರು.

"ಹತ್ತೇ ದಿನ ಸಾರ್. ನಮಗೆ ಸಂಬಳ ಬೇಡ."
"ಸಂಬಳದ ಮಾತಲ್ಲ ಮೇಡಂ. ಆಂಟೆನಾ ಗುತ್ತಿಗೆ ನಾಳೆಗೆ ಮುಗೀತು. ಬೇರೆಯವರಿಗೆ ಕೊಟ್ಟಾಗಿದೆ. ನಾನೂ ಬೆಳಗ್ಗೆಯಿಂದ ಕೇಳ್ತಾನೇ ಇದೀನಿ."
"ನಕ್ಷತ್ರ ನಮ್ಮ ಗುತ್ತಿಗೆ ನೋಡ್ಕೊಂಡು ಸಿಡಿಯಲ್ಲ ಸಾರ್."
"ಗೊತ್ತು..." ಡೈರೆಕ್ಟರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಏಪ್ರಿಲ್ 30, ಗುರುವಾರ. ಮಧ್ಯಾಹ್ನ 3.40
ಕಮಾಂಡ್ ಕಳಿಸಿದ್ದು ನಾನೇ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಮೊದಲು ಮುಚ್ಚಳ, ಆಮೇಲೆ ಬ್ಯಾಟರಿಯ ಚಾರ್ಜಿಂಗ್, ಕೊನೆಗೆ ರೇಡಿಯೊ—ನಿಯಮ. ಆ ಕ್ಷಣದಲ್ಲೂ ಪುಟ್ಟಿ ಅದೇ ನಕ್ಷತ್ರವನ್ನು ನೋಡುತ್ತಿದ್ದಳು. ನೋಡುತ್ತಿದ್ದ ಕಣ್ಣಿನ ಮೇಲೆ ಮುಚ್ಚಳ ಎಳೆದೆ. ಹದಿನಾಲ್ಕು ಸೆಕೆಂಡು.

ರೇಡಿಯೊ ಆರುವ ಮುಂಚೆ ಕೊನೆಯ ಸಾಲು ಬಂತು: ಎಲ್ಲ ವ್ಯವಸ್ಥೆ ಸರಿಯಾಗಿದೆ.

ಮೇಡಂ ಚಪ್ಪಲಿ ಮರೆತು ಬರಿಗಾಲಲ್ಲೇ ಕಾರಿನವರೆಗೆ ಹೋಗಿಬಿಟ್ಟಿದ್ದರು. ಹಿಂದೆಯೇ ತೆಗೆದುಕೊಂಡು ಹೋಗಿ ಕೊಟ್ಟೆ.

ಮೇ 1, ಶುಕ್ರವಾರ
ನಿನ್ನೆ ಮನೆಗೆ ಬಂದವಳು ನೇರ ಮಲಗಿಬಿಟ್ಟಿದ್ದೆ. ಬೆಳಗ್ಗೆ ಗುಂಡಿ ಹಾಕುವಾಗ ಅಪ್ಪ ಕೇಳಿದರು.
"ಮುಚ್ಚಿತಾ?"
"ಮುಚ್ಚಿತಪ್ಪ. ಒಂಬತ್ತು ವರ್ಷ ಅಲ್ಲಾಡದೆ ಇದ್ದ ಕೀಲು... ಒಂದೇ ಸಲಕ್ಕೆ."
ಖುಷಿಪಟ್ಟಾರು ಎಂದುಕೊಂಡಿದ್ದೆ.
"ಸಿಕ್ಕಾಕ್ಕೋಬೇಕಿತ್ತು ಮಗಳೇ," ಎಂದರು. "ಒಂದೇ ಒಂದು ಸಲ ನನ್ನ ಕೆಲಸ ಕೆಡಬೇಕಿತ್ತು."
ಆಮೇಲಿನ ಗುಂಡಿ ನನಗೂ ಕಾಣಿಸಲಿಲ್ಲ.

ಮೇ 11, ಸೋಮವಾರ
ಮೇಡಂ ರಜೆಯಲ್ಲಿದ್ದಾರೆ. ಅವರಿಗೆ ಬಂದ ಪತ್ರಗಳಿಗೆ ನಾನೇ ಉತ್ತರಿಸುತ್ತಿದ್ದೇನೆ. ಇವತ್ತಿನದು ಯಾವುದೋ ದೂರದ ಸಂಶೋಧನಾ ವಿದ್ಯಾರ್ಥಿನಿಯದು. ಮೂರು ದಿನದ ಅಳತೆ ನೋಡಿ ಕುಣಿದಾಡಿದಳಂತೆ. ಇಂಥದ್ದನ್ನು ಯಾರೂ ಕಂಡಿಲ್ಲವಂತೆ. ಬೆಳಕು ಇಳಿಯಬೇಕಾದ ಹೊತ್ತಿಗೆ ಮತ್ತೆ ಏರತೊಡಗಿದೆ. ಏಕೆಂದು ತಿಳಿಯಲು ನಾಲ್ಕನೇ ದಿನದಿಂದ ಮುಂದಿನದು ಬೇಕು. ಕಡತದಲ್ಲಿ ಸಿಗುತ್ತಿಲ್ಲ, ದಯವಿಟ್ಟು ಕಳಿಸಿ, ಎಂದಿದ್ದಾಳೆ. ಕೊನೆಗೆ ಒಂದು ಸಾಲು: ಆ ದಿನ ಉಪಕರಣದಲ್ಲಿ ಏನು ದೋಷವಿತ್ತು?

ಉತ್ತರ ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಪ್ರಿಯ ವಿದ್ಯಾರ್ಥಿನಿ, ಉಪಕರಣದಲ್ಲಿ ದೋಷವೇನೂ ಇರಲಿಲ್ಲ. ಆ ದಿನ ಅವಳು ಆರೋಗ್ಯವಾಗಿಯೇ ಇದ್ದಳು. ನಾನೇ...