ಕಾವಲು ತಪ್ಪಿದ ಹೆಸರು

ಕ್ರಿ.ಶ. ೨೪೧೨, ಫೆಬ್ರವರಿ ೩೦
ಕೊಪ್ಪಳದ ಬಂಡೆಯೊಳಗಿನ ಊರು

ಕೀಲಿಮಣೆಯ ಕಾಲದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಈ ದಿನವೂ ಇದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಯಂತ್ರಕ್ಕೆ ನೀವು ಬೆರಳಚ್ಚಿಸುತ್ತಿದ್ದ ಆಜ್ಞೆಗಳೇ ನಮ್ಮಲ್ಲಿ ಇಂದಿಗೂ ನಡೆಯುತ್ತವೆ. ಬೇರೆ ಭಾಷೆ ಅದಕ್ಕೆ ತಿಳಿಯದು, ಕಲಿಸಲು ನಮಗೆ ಬಾರದು.

ನಮ್ಮೂರಿನಲ್ಲಿ ದನಿಮನೆ ಇದೆ. ಅಂದರೆ ಸತ್ತವರ ಮಾತುಗಳನ್ನು ಕಾಪಿಡುವ ಯಂತ್ರ. ಪ್ರತಿ ಮನೆತನಕ್ಕೂ ಅದರಲ್ಲೊಂದು ಗೂಡು. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಜನ ತಮ್ಮವರ ದನಿ ಕೇಳುತ್ತಾರೆ. ದನಿಗೆ ಗರಗರ ಹಿಡಿದರೆ ಶುದ್ಧ ಪ್ರತಿ ಮಾಡಿಸಿ, ಕೆಟ್ಟದ್ದನ್ನು ಅಳಿಸುತ್ತೇವೆ. ಅಳಿಸುವಾಗ ಹೆಸರಿನ ಎರಡೂ ತುದಿಗೆ ಪುಟ್ಟ ಗೆರೆ ಇಡಬೇಕು. ನೀವು ಉದ್ಧರಣ ಚಿಹ್ನೆ ಎನ್ನುತ್ತಿದ್ದಿರಿ, ನಾವು ಕಾವಲು ಎನ್ನುತ್ತೇವೆ. ಇಲ್ಲವೇ ಪದಗಳ ನಡುವಿನ ತೆರಪಿಗೆ ಮೊದಲು ಒಂದು ವಾಲುಗೆರೆ, ನಿಮ್ಮ ಬ್ಯಾಕ್‌ಸ್ಲ್ಯಾಶ್. ಹೀಗೇಕೆ ಎಂದು ನಮಗೆ ಯಾರೂ ಹೇಳಲಿಲ್ಲ. ಬರಬರುತ್ತಾ ಕಾವಲಿಡುವಾಗ ಕೈಮುಗಿಯುವುದು, ವಾಲುಗೆರೆಗೆ ತಲೆಬಾಗುವುದು ರೂಢಿಯಾಯಿತು.

ನನ್ನ ತಮ್ಮ ನಿಂಗರಾಜನಿಗೆ ಇಂಥದ್ದು ಕಂಡರೆ ಆಗದು. ನಮ್ಮ ಗೂಡಿನಲ್ಲಿ ಎರಡು ಪ್ರತಿ ಇದ್ದವು: ‘ಅವ್ವ’ ಎಂಬ ಶುದ್ಧವಾದದ್ದು, ‘ಅವ್ವ ಹಳೆಯದು’ ಎಂಬ ಕೆಟ್ಟದ್ದು. ಅವ್ವ ನಮ್ಮಿಬ್ಬರನ್ನು ಹೆಸರು ಹಿಡಿದು ಕರೆಯುವುದು ಸ್ಪಷ್ಟವಾಗಿ ಕೇಳುತ್ತಿದ್ದುದು ಶುದ್ಧ ಪ್ರತಿಯಲ್ಲಿ ಮಾತ್ರ. ಕೆಟ್ಟದ್ದನ್ನು ಅಳಿಸಲು ತಮ್ಮ ಕುಳಿತಾಗ ನಾನು ಕಾವಲು ನೆನಪಿಸಿದೆ.

“ಯಕ್ಕಾ, ಇದೆಲ್ಲಾ ಮೂಢನಂಬಿಕಿ. ಹೆಸರು ಹೇಳಿದ್ರ ಸಾಕಲ್ಲ, ಯಂತ್ರಕ್ಕ ಯಾಕ ಕೈ ಮುಗೀಬೇಕು?” ಎಂದ. ಕಾವಲಿಡದೆಯೇ ‘ಅಳಿಸು ಅವ್ವ ಹಳೆಯದು’ ಎಂದು ಬೆರಳಚ್ಚಿಸಿದ.

ಕಾವಲಿಲ್ಲದ ತೆರಪನ್ನು ಯಂತ್ರ ಎರಡು ಹೆಸರುಗಳ ನಡುವಿನ ಗಡಿ ಎಂದುಕೊಳ್ಳುತ್ತದೆಂದು ಆಗ ಗೊತ್ತಾಯಿತು. ಅದು ಮೊದಲು ಅವ್ವನನ್ನು ಅಳಿಸಿತು, ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ‘ಹಳೆಯದು’ ಎಂಬುದು ಇಲ್ಲಿಲ್ಲ ಎಂದು ಗೊಣಗಿತು. ಅಳಿಸಿದ್ದು ನಮ್ಮಲ್ಲಿ ಮರಳಿ ಬರುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಏನು ಮಾಡಬೇಕೆಂದು ರಾಶಿ ರಾಶಿ ಬರೆದಿಟ್ಟಿರಿ. ಯಾಕೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಲು ನಿಮಗೇನಾಗಿತ್ತು? ಈಗಲಾದರೂ ಬರೆಯಿರಿ. ಅದು ನಮ್ಮವರೆಗೆ ತಲುಪುತ್ತದೆಂಬ ಆಸೆ ಮಾತ್ರ ನನಗಿಲ್ಲ.

ಉಳಿದಿರುವುದು ಆ ಕೆಟ್ಟ ಪ್ರತಿ. ಬರೀ ಗರಗರ, ನಡುವೆ ಒಮ್ಮೆ ಅವ್ವ ಕೆಮ್ಮುತ್ತಾಳೆ. ನಿಂಗರಾಜ ದಿನಾ ಬೆಳಿಗ್ಗೆ ಅದನ್ನು ಹಾಕಿಕೊಂಡು ಕೂರುತ್ತಾನೆ. ಕೆಮ್ಮು ಕೇಳಿದಾಗ ಕೈಮುಗಿಯುತ್ತಾನೆ.

ನಿಮ್ಮ ನಂತರದವಳು,
ಶಿವಗಂಗವ್ವ